ಮಹಾರಾಜ ಕಾಲೇಜಿನಿಂದ ಕುಕ್ಕರಹಳ್ಳಿ ಕೆರೆಯವರೆಗೆ: ಮೈಸೂರಿನ ವಿದ್ಯಾಪ್ರದೇಶದಲ್ಲಿ ಒಂದು ದಿನದ ಕಾಲ್ನಡಿಗೆ

ಮೈಸೂರಿಗೆ ಒಂದು ದಿನಕ್ಕೆಂದು ಬರುವವರು ನೋಡುವ ಸ್ಥಳಗಳು ಬಹುತೇಕ ಒಂದೇ ಆಗಿರುತ್ತವೆ: ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಹೊತ್ತು ಉಳಿದರೆ ಕನ್ನಂಬಾಡಿ. ನಾನೂ ಹಲವು ಸಲ ಹಾಗೆಯೇ ಬಂದು ಹೋಗಿದ್ದೇನೆ. ಈ ಸಲ, ದ್ವಿತೀಯ ಪಿಯುಸಿ ಮುಗಿಸಿ ಬಿ.ಎ.ಗೆ ಎಲ್ಲಿ ಸೇರುವುದೆಂದು ಯೋಚಿಸುತ್ತಿದ್ದ ಅಕ್ಕನ ಮಗಳನ್ನು ಕರೆದುಕೊಂಡು ಬಂದು, ಇಡೀ ದಿನವನ್ನು ಮಹಾರಾಜ ಕಾಲೇಜಿನ ಸುತ್ತಲಿನ ಪ್ರದೇಶಕ್ಕೇ ಮೀಸಲಿಟ್ಟೆ. ಆಟೋ ಹಿಡಿಯಲಿಲ್ಲ, ಕಾರು ತರಲಿಲ್ಲ. ಬೆಳಗಿನ ರೈಲಿನಲ್ಲಿ ಇಳಿದು, ಸಂಜೆ ಅದೇ ನಿಲ್ದಾಣಕ್ಕೆ ಮರಳುವವರೆಗೆ ನಡೆದೇ ಎಲ್ಲವನ್ನೂ ನೋಡಿದೆವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ವಿದ್ಯಾಪ್ರದೇಶವನ್ನು ನಾನು ಕರ್ನಾಟಕದ ಬೇರೆ ಯಾವ ನಗರದಲ್ಲಿಯೂ ಕಂಡಿಲ್ಲ. ಆದರೆ ಕಣ್ಣೆದುರಿಗಿರುವುದು ಏನು, ಇಲ್ಲಿ ಯಾರಿದ್ದರು, ಏನು ನಡೆಯಿತು ಎಂದು ತಿಳಿಸಿಕೊಡುವ ವ್ಯವಸ್ಥೆ ಇಲ್ಲಿ ಬಹಳ ಕಡಿಮೆ. ಆದ್ದರಿಂದ ಸ್ವಲ್ಪ ಓದಿಕೊಂಡು ಬಂದವರಿಗೆ ಈ ಪ್ರದೇಶ ಕೊಡುವ ಸಂತೋಷವೇ ಬೇರೆ, ಏನೂ ತಿಳಿಯದೆ ಬಂದವರು ನೋಡುವುದು ಹಳೆಯ ಕಟ್ಟಡಗಳು ಮತ್ತು ದೊಡ್ಡ ಮರಗಳನ್ನು ಮಾತ್ರ.

ರೈಲು ನಿಲ್ದಾಣದಿಂದ ಹೊರಟು ಮೆಟ್ರೋಪೋಲ್ ವೃತ್ತವನ್ನು ದಾಟಿದರೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಸಿಗುತ್ತದೆ. ಮೈಸೂರಿನವರ ಬಾಯಲ್ಲಿ ಅದು ಜೆಎಲ್‌ಬಿ ರಸ್ತೆ. ಮಹಾರಾಣಿ, ಯುವರಾಜ ಮತ್ತು ಮಹಾರಾಜ ಎಂಬ ಮೂರು ಕಾಲೇಜುಗಳೂ ಈ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಮಹಾರಾಣಿ ಕಾಲೇಜು 1881ರಲ್ಲಿ ಬಾಲಕಿಯರ ಶಾಲೆಯಾಗಿ ಮೊದಲಾಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಮನೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿದ್ದ ಆ ಕಾಲದಲ್ಲಿ ಮೊದಲಾದ ಶಾಲೆಯೊಂದು ಕಾಲೇಜಾಗಿ ಬೆಳೆದು, ಇಂದಿಗೂ ಬೆಳಗಿನ ಹೊತ್ತು ಈ ರಸ್ತೆಯನ್ನು ವಿದ್ಯಾರ್ಥಿನಿಯರಿಂದ ತುಂಬಿಸುತ್ತಿರುವುದನ್ನು ನೋಡಿದಾಗ, ಜೊತೆಗಿದ್ದ ಹುಡುಗಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ. ಅಲ್ಲಿನ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಕುಸಿದುಬಿದ್ದದ್ದು ಮೈಸೂರನ್ನು ಪ್ರೀತಿಸುವವರೆಲ್ಲರಿಗೂ ನೋವು ತಂದ ಸಂಗತಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗಳಿಗೆ ಮಳೆನೀರು ಇಳಿಯದಂತೆ ವರ್ಷವರ್ಷವೂ ನೋಡಿಕೊಳ್ಳದಿದ್ದರೆ ಅವು ಹೆಚ್ಚು ಕಾಲ ತಡೆಯುವುದಿಲ್ಲ ಎಂಬ ಎಚ್ಚರ ಈ ಪ್ರದೇಶದ ಪ್ರತಿಯೊಂದು ಕಟ್ಟಡಕ್ಕೂ ಅನ್ವಯಿಸುತ್ತದೆ.

ಮಹಾರಾಜ ಕಾಲೇಜಿನ ಮುಂದೆ ನಾವು ಬಹಳ ಹೊತ್ತು ನಿಂತೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆ ಇದರ ಮೂಲ. ಅದು ಬೆಳೆದು ಕಾಲೇಜಾಗಿ, ಮೊದಲು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿತ್ತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಈ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬಗಳಾದವು. ದೇಶದ ಆರನೆಯ ವಿಶ್ವವಿದ್ಯಾನಿಲಯವಾದ ಇದು ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊದಲನೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿದ್ದರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳೀತು. ಆದರೆ ಆ ಆವರಣದ ಎದುರು ನಿಂತಾಗ ನನ್ನ ಮನಸ್ಸನ್ನು ಹಿಡಿದದ್ದು, ಎಷ್ಟು ಕಡಿಮೆ ವರ್ಷಗಳಲ್ಲಿ ಎಷ್ಟು ಜನ ಇಲ್ಲಿ ಒಟ್ಟಿಗೆ ಸೇರಿದ್ದರು ಎಂಬುದು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. ತತ್ತ್ವಶಾಸ್ತ್ರದಲ್ಲಿ ಸರ್ವೆಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ಪ್ರಾಧ್ಯಾಪಕರಾಗಿದ್ದರು, ಸಂಸ್ಕೃತದಲ್ಲಿ ಎಂ. ಹಿರಿಯಣ್ಣನವರಿದ್ದರು. ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯನವರು ಬಂದರು, ಅವರ ಶಿಷ್ಯರಾಗಿ ಕುವೆಂಪು ಎಂ.ಎ. ಮುಗಿಸಿ 1929ರಲ್ಲಿ ಇಲ್ಲಿಯೇ ಅಧ್ಯಾಪಕರಾದರು. ಆರ್.ಕೆ. ನಾರಾಯಣ್ ಬಿ.ಎ. ಓದಿದ್ದು ಇಲ್ಲಿಯೇ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪದವಿಯೂ ಇಲ್ಲಿಯದೇ.

ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಅವರ ಗಾಡಿಯನ್ನು ಹೂವಿನಿಂದ ಅಲಂಕರಿಸಿ, ಕುದುರೆಗಳನ್ನು ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆ ನಮ್ಮಲ್ಲಿ ಅನೇಕರಿಗೆ ಶಾಲೆಯಲ್ಲಿಯೇ ಗೊತ್ತು. ನಾವು ಆಗತಾನೇ ಆ ನಿಲ್ದಾಣದಿಂದ ಕಾಲೇಜಿಗೆ ನಡೆದು ಬಂದಿದ್ದೆವು, ಇಪ್ಪತ್ತು ನಿಮಿಷ ಹಿಡಿದಿತ್ತು. “ಮಾವ, ಅವರು ಎಳ್ಕೊಂಡು ಹೋಗಿದ್ದು ಇದೇ ದಾರೀಲಾ? ಇಷ್ಟು ಹತ್ರಾನಾ?” ಎಂದು ಅವಳು ಕೇಳಿದಳು. ಪುಸ್ತಕದಲ್ಲಿ ಬಹಳ ದೂರದ ಕಾಲದ ಮಾತಾಗಿದ್ದದ್ದು ಅವಳ ಪಾಲಿಗೆ ಆ ಕ್ಷಣದಲ್ಲಿ ಕಾಲಿಗೆ ಎಟುಕುವ ಅಳತೆಗೆ ಬಂದಿತ್ತು. ಈ ಪ್ರದೇಶವನ್ನು ವಾಹನದಲ್ಲಿ ಕುಳಿತು ನೋಡಬಾರದೆಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಹೀಗೆ ಎಲ್ಲವೂ ನಡಿಗೆಯ ದೂರದಲ್ಲಿರುವುದು ಆಕಸ್ಮಿಕವಲ್ಲ. 1881ರಲ್ಲಿ ಆಡಳಿತ ಬ್ರಿಟಿಷರಿಂದ ಮತ್ತೆ ಒಡೆಯರ ಕೈಗೆ ಬಂದ ಮೇಲೆ, ಹಳೆಯ ಕೋಟೆಯ ಇಕ್ಕಟ್ಟಿನಿಂದ ಹೊರಗೆ, ಪಶ್ಚಿಮದ ಎತ್ತರದ ಬಯಲಿನಲ್ಲಿ ಕಚೇರಿಗಳೂ ವಿದ್ಯಾಸಂಸ್ಥೆಗಳೂ ಒಂದರ ಹಿಂದೊಂದು ಎದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಜನ ತತ್ತರಿಸಿದ ನಂತರ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ರಚನೆಯಾಗಿ, ಗಾಳಿ ಬೆಳಕು ಧಾರಾಳವಾಗಿ ಬರುವ ಹೊಸ ಬಡಾವಣೆಗಳು ಬೆಳೆದವು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳ ನೇರ ರಸ್ತೆಗಳಲ್ಲಿ ಮೇಷ್ಟರುಗಳ ಮನೆಗಳಿದ್ದವು, ವಠಾರದ ಕೋಣೆಗಳಲ್ಲಿ ವಿದ್ಯಾರ್ಥಿಗಳಿದ್ದರು, ಇಬ್ಬರೂ ಕಾಲೇಜಿಗೆ ನಡೆದೇ ಬರುತ್ತಿದ್ದರು. ತರಗತಿಯಲ್ಲಿ ಮುಗಿಯದ ಮಾತು ದಾರಿಯಲ್ಲಿ ಮುಂದುವರಿಯುವ ಅವಕಾಶ ಆ ಊರಿನ ರಚನೆಯಲ್ಲಿಯೇ ಇತ್ತು. ಈಗಲೂ ಲಕ್ಷ್ಮೀಪುರಂ ಕಡೆಗೆ ತಿರುಗಿದರೆ ಜಗಲಿ, ಮಂಗಳೂರು ಹಂಚಿನ ಮಾಡು, ಮುಂದೊಂದು ಪಾರಿಜಾತದ ಗಿಡವಿರುವ ಮನೆಗಳು ಅಲ್ಲಲ್ಲಿ ಉಳಿದಿವೆ. ಅವುಗಳ ನಡುವೆ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿರುವುದನ್ನು ನೋಡಿದರೆ, ಉಳಿದವುಗಳನ್ನು ಬೇಗ ನೋಡಬೇಕೆನಿಸುತ್ತದೆ.

ಕಾಲೇಜಿನ ಬದಿಯ ಕೃಷ್ಣರಾಜ ಬುಲವಾರ್ಡ್ ಈ ಪ್ರದೇಶದ ಅತ್ಯಂತ ಹಿತವಾದ ಭಾಗ. ಎರಡು ಬದಿಗೂ ವಾಹನಗಳ ದಾರಿ, ನಡುವೆ ಮರಗಳ ನೆರಳಿನಲ್ಲಿ ಕಾಲುದಾರಿ. ರಸ್ತೆಯ ನಟ್ಟನಡುವಿನ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟ ಇಂತಹ ಮನಸ್ಸು ನಮ್ಮ ಊರುಗಳಲ್ಲಿ ಎಷ್ಟು ಕಡೆ ಸಿಕ್ಕೀತು? ಹತ್ತು ಗಂಟೆಯ ಬಿಸಿಲಿನಲ್ಲಿಯೂ ಅಲ್ಲಿ ತಂಪಾಗಿತ್ತು. ಕೆಲವರು ಪುಸ್ತಕ ಹಿಡಿದು ಕುಳಿತಿದ್ದರು, ಕಪ್ಪು ಕೋಟಿನ ವಕೀಲರು ನ್ಯಾಯಾಲಯದ ಕಡೆಗೆ ಅವಸರದಲ್ಲಿ ಸಾಗುತ್ತಿದ್ದರು.

ಈ ದಾರಿಯಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯದ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನನ್ನ ಮಟ್ಟಿಗೆ ಇಡೀ ದಿನದ ತಿರುಳು ಅಲ್ಲಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ 1887ರ ಸುವರ್ಣ ಮಹೋತ್ಸವದ ನೆನಪಿಗೆಂದು ಕಟ್ಟಿದ ಈ ಕಟ್ಟಡದಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಪ್ರಾರಂಭವಾಯಿತು. ಸಂಸ್ಥಾನದ ಮೂಲೆಮೂಲೆಗಳ ಮಠಗಳಿಂದ, ಮನೆಗಳ ಅಟ್ಟಗಳಿಂದ, ಪಂಡಿತರ ಪೆಟ್ಟಿಗೆಗಳಿಂದ ಓಲೆಗರಿಗಳು ಇಲ್ಲಿಗೆ ಬಂದು ಸೇರಿದವು. ಹೀಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು 1905ರಲ್ಲಿ ಬಿಚ್ಚಿ ಓದಿದ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳಿಗೆ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. ಅದುವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಲ್ಲಿ ಹೆಸರು ಮಾತ್ರ ಕಾಣಿಸುತ್ತಿದ್ದ, ಕಳೆದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಆ ಕೃತಿಯನ್ನು ಶಾಸ್ತ್ರಿಗಳು 1909ರಲ್ಲಿ ಸಂಸ್ಕೃತದಲ್ಲಿ ಸಂಪಾದಿಸಿ ಪ್ರಕಟಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪ್ರಾಚೀನ ಭಾರತದಲ್ಲಿ ರಾಜ್ಯಶಾಸ್ತ್ರದ ಚಿಂತನೆ ಬೆಳೆದಿರಲಿಲ್ಲ ಎಂಬ ಪಶ್ಚಿಮದ ಎಣಿಕೆ ಬದಲಾಗಬೇಕಾಗಿ ಬಂದದ್ದು ಮೈಸೂರಿನ ಈ ಕಟ್ಟಡದಿಂದ. ಸಂಸ್ಥೆ 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು, 1943ರಲ್ಲಿ ಅದಕ್ಕೆ ಈಗಿನ ಹೆಸರು ಬಂತು.

ಕಟ್ಟಡವನ್ನು ಹೊರಗಿನಿಂದ ನೋಡುವುದಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ. ಗೋಡೆಯ ಮೇಲ್ಭಾಗದ ಉಬ್ಬು ಶಿಲ್ಪಗಳ ಪಟ್ಟಿಯನ್ನು ಕತ್ತೆತ್ತಿ ನಿಧಾನವಾಗಿ ನೋಡಬೇಕು. ಒಳಗಿನ ಸಂಗ್ರಹ ಸಂಶೋಧಕರಿಗಾಗಿ ಇರುವಂಥದು, ಅದು ಪ್ರದರ್ಶನಾಲಯವಲ್ಲ ಎಂಬುದನ್ನು ನೆನಪಿಡಬೇಕು. ನಿಜವಾದ ಆಸಕ್ತಿಯಿರುವವರು ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳುವುದು ಸರಿಯಾದ ಕ್ರಮ. ಓಲೆಗರಿಯ ಹಸ್ತಪ್ರತಿಗಳನ್ನು ಕಾಪಾಡುವ ಕೆಲಸವನ್ನು ಬೇರೊಂದು ಕಡೆ ಹತ್ತಿರದಿಂದ ನೋಡಿದ ಅನುಭವ ನನಗಿದೆ. ಗರಿಯ ಮೇಲಿನ ಧೂಳನ್ನು ಮೃದುವಾದ ಕುಂಚದಿಂದ ತೆಗೆದು, ನಿಂಬೆಹುಲ್ಲಿನ ಎಣ್ಣೆಯನ್ನು ಸವರಿದರೆ ಒಣಗಿ ಮುರಿಯುವಂತಾಗಿದ್ದ ಗರಿ ಮತ್ತೆ ಬಾಗುತ್ತದೆ, ಹುಳ ಹತ್ತಿರ ಸುಳಿಯುವುದಿಲ್ಲ. ಮಸಿ ಹಚ್ಚಿ ಒರೆಸಿದಾಗ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತವೆ. ಆ ಅಕ್ಷರಗಳು ಹಾಗೆ ಮೇಲೆದ್ದು ಬರುವುದನ್ನು ಒಮ್ಮೆ ನೋಡಿದವರು ಈ ಕಟ್ಟಡದ ಮುಂದೆ ಸುಮ್ಮನೆ ಹಾದುಹೋಗಲಾರರು.

ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳಿಗೆಂದು 1895ರ ಹೊತ್ತಿಗೆ ಕಟ್ಟಿ ಮುಗಿಸಿದ, ಬಹುಕಾಲ ಜಿಲ್ಲಾಧಿಕಾರಿಗಳ ಕಚೇರಿಯಾಗಿದ್ದ ಕಟ್ಟಡ ಇದು, ಎದುರಿಗೆ ಮೈಸೂರಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಸರ್ ಜೇಮ್ಸ್ ಗಾರ್ಡನ್ ಅವರ ಪ್ರತಿಮೆಯಿದೆ. ಓವಲ್ ಮೈದಾನದ ಆಚೆ 1947ರ ಕ್ರಾಫರ್ಡ್ ಭವನ, ಅಂದರೆ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಮತ್ತು ಘಟಿಕೋತ್ಸವಗಳು ನಡೆದುಕೊಂಡು ಬಂದಿರುವ ಸ್ಥಳ. ಇವೆರಡನ್ನೂ ನಾವು ಬೇಗ ನೋಡಿ ಮುಗಿಸಿದೆವು. ಕಟ್ಟಡಶಿಲ್ಪದಲ್ಲಿ ಆಸಕ್ತಿಯಿರುವವರು ಇಲ್ಲಿ ಹೆಚ್ಚು ಹೊತ್ತು ಕಳೆಯಬಹುದು.

ನಡಿಗೆಯ ದಿಕ್ಕನ್ನು ಸ್ವಲ್ಪ ಬದಲಿಸಿ ಜೆಎಲ್‌ಬಿ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ರಾಮಸ್ವಾಮಿ ವೃತ್ತ ಬರುತ್ತದೆ. ದಿನವೂ ಸಾವಿರಾರು ಜನ ಬಸ್ಸಿನ ನಿಲ್ದಾಣದ ಹೆಸರಾಗಿ ಉಚ್ಚರಿಸುವ ಈ ಹೆಸರು ಒಬ್ಬ ವಿದ್ಯಾರ್ಥಿಯದು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜನಪ್ರತಿನಿಧಿಗಳ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. 1947ರ ಸೆಪ್ಟೆಂಬರಿನಲ್ಲಿ ಆ ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ಹದಿಹರೆಯದ ಹುಡುಗ ರಾಮಸ್ವಾಮಿ. ವಿದ್ಯಾಪ್ರದೇಶವನ್ನು ನೋಡುವವರು ಈ ವೃತ್ತವನ್ನು ಬಿಡಬಾರದು. ತರಗತಿಗಳ ಒಳಗೆ ನಡೆದದ್ದರಷ್ಟೇ ಮುಖ್ಯವಾದದ್ದು ಈ ಬೀದಿಗಳಲ್ಲಿಯೂ ನಡೆದಿದೆ.

ಮಧ್ಯಾಹ್ನದ ಊಟದ ವಿಷಯದಲ್ಲಿ ಈ ಪ್ರದೇಶ ನಿರಾಸೆಗೊಳಿಸುವುದಿಲ್ಲ. ಅಗ್ರಹಾರದ ಕಡೆಗೂ ಬಲ್ಲಾಳ್ ವೃತ್ತದ ಕಡೆಗೂ ಹಳೆಯ ಪದ್ಧತಿಯ ಸಸ್ಯಾಹಾರಿ ಹೋಟೆಲುಗಳಿವೆ. ನಾವು ತಿಂದ ಮಸಾಲೆ ದೋಸೆಯಲ್ಲಿ ಒಳಗೆ ಕೆಂಪು ಚಟ್ನಿ ಸವರಿತ್ತು, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿತ್ತು. ಕಾಫಿಯಲ್ಲಿ ಚಿಕೋರಿಯ ಕಹಿ ಮಿತವಾಗಿದ್ದು, ಡಿಕಾಕ್ಷನ್ ಹೊಸದೆಂದು ಮೊದಲ ಗುಟುಕಿನಲ್ಲಿಯೇ ತಿಳಿಯುತ್ತಿತ್ತು. ವಿದ್ಯಾರ್ಥಿಗಳು ಬರುವ ಜಾಗವಾದ್ದರಿಂದ ಬೆಲೆಯೂ ಮಿತವಾಗಿದೆ. ಕುಳಿತು ಬಹಳ ಹೊತ್ತು ಮಾತನಾಡುವ ಸೌಕರ್ಯ ಮಾತ್ರ ಊಟದ ವೇಳೆಯಲ್ಲಿ ಸಿಗುವುದಿಲ್ಲ, ಹಿಂದೆ ಕಾಯುವವರು ನಿಂತಿರುತ್ತಾರೆ.

ಕೊರತೆಗಳನ್ನೂ ಸ್ಪಷ್ಟವಾಗಿ ಹೇಳಬೇಕು. ಪಾದಚಾರಿ ಮಾರ್ಗ ಒಂದೇ ಸಮನಾಗಿಲ್ಲ. ಕೆಲವೆಡೆ ಅಗಲವಾಗಿ ಚೆನ್ನಾಗಿದ್ದರೆ, ಇನ್ನು ಕೆಲವೆಡೆ ಚಪ್ಪಡಿ ಎದ್ದು, ಬೈಕುಗಳು ನಿಂತು, ನಡೆಯುವವರು ರಸ್ತೆಗೆ ಇಳಿಯಲೇಬೇಕಾಗುತ್ತದೆ. ಮಂಡಿನೋವಿರುವ ಹಿರಿಯರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಇಡೀ ಸುತ್ತು ಇಂದಿನ ಸ್ಥಿತಿಯಲ್ಲಿ ಸಾಧ್ಯವಿಲ್ಲ. ಜೆಎಲ್‌ಬಿ ರಸ್ತೆಯನ್ನು ದಾಟುವುದಕ್ಕೆ ನಮಗೆ ಒಂದೊಂದು ಸಲ ಐದು ನಿಮಿಷ ಹಿಡಿಯಿತು. ಶುಚಿಯಾದ ಸಾರ್ವಜನಿಕ ಶೌಚಾಲಯ ಹುಡುಕುವುದು ಕಷ್ಟವಾಯಿತು, ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವವರು ಹೋಟೆಲಿನಲ್ಲಿಯೇ ಆ ವ್ಯವಸ್ಥೆ ನೋಡಿಕೊಳ್ಳುವುದು ಒಳ್ಳೆಯದು. ಒಂದು ಕಟ್ಟಡದ ಬಾಗಿಲಿನಲ್ಲಿ, ಹೊರಗಿನ ಮೊಗಸಾಲೆಯನ್ನು ನೋಡಿ ಹೋಗುತ್ತೇವೆಂದು ವಿನಯದಿಂದ ಕೇಳಿದರೂ, ಕಾರಣ ಹೇಳದೆ ನಮ್ಮನ್ನು ಹಿಂದಕ್ಕೆ ಕಳುಹಿಸಿದರು. ತರಗತಿ ನಡೆಯುವಾಗ ಹೊರಗಿನವರನ್ನು ತಡೆಯುವುದು ನ್ಯಾಯವೇ, ಅದರ ಬಗ್ಗೆ ನನ್ನ ದೂರಿಲ್ಲ. ವಾರದಲ್ಲಿ ಒಂದು ದಿನ, ಒಂದು ಗಂಟೆಯ ಹೊತ್ತು, ವಿದ್ಯಾರ್ಥಿಗಳೇ ಜೊತೆಗೆ ನಿಂತು ತೋರಿಸುವ ಏರ್ಪಾಡಾದರೆ ನೋಡಬಂದವರಿಗೂ ತೋರಿಸುವವರಿಗೂ ಎಷ್ಟು ಲಾಭ ಎಂಬ ಆಸೆ ಮಾತ್ರ ನನ್ನದು. ಫಲಕಗಳ ಕೊರತೆ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ನಾವು ನಡೆದ ದಾರಿಯಲ್ಲಿ, ಇಲ್ಲಿ ಇಂಥವರು ಪಾಠ ಹೇಳಿದರು, ಇಲ್ಲಿ ಇಂಥದು ನಡೆಯಿತು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದ ಹಲಗೆಗಳು ಕಣ್ಣಿಗೆ ಬಿದ್ದದ್ದು ಬಹಳ ವಿರಳ.

ನಾಲ್ಕು ಗಂಟೆಯ ನಂತರ ಕುಕ್ಕರಹಳ್ಳಿ ಕೆರೆಗೆ ಹೋದೆವು. ದಾರಿಯಲ್ಲಿ ಚಾಮರಾಜನಗರದ ರೈಲುಹಳಿ ಅಡ್ಡ ಬರುತ್ತದೆ, ಗೇಟು ಹಾಕಿದ್ದರೆ ಕಾಯಬೇಕು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯದ ನೀರಿಗೆಂದು ಕಟ್ಟಿಸಿದ ಈ ಕೆರೆ ಈಗ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದೆ. ಕುವೆಂಪು ಇದನ್ನು ಕುಕ್ಕನಹಳ್ಳಿ ಕೆರೆ ಎಂದು ಬರೆದರು, ಹಳಬರ ಬಾಯಲ್ಲಿ ಈಗಲೂ ಆ ಹೆಸರು ಕೇಳಬಹುದು. ಅವರು ಸಂಜೆ ನಡೆದು ಬರುತ್ತಿದ್ದ ಈ ದಂಡೆಯ ಸೂರ್ಯಾಸ್ತ, ಇಲ್ಲಿನ ಹಕ್ಕಿಸಾಲು ಅವರ ಕವಿತೆಗಳಿಗೆ ಬಂದಿರುವುದು ಕನ್ನಡದ ಓದುಗರಿಗೆ ಹೊಸ ಸಂಗತಿಯಲ್ಲ. ಆದರೆ ಓದಿದ್ದನ್ನು ಕಣ್ಣಾರೆ ಕಂಡಾಗಿನ ಅನುಭವ ಬೇರೆ. ನಾವು ಏರಿಯ ಮೇಲಿದ್ದಾಗ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕುಳಿತಿದ್ದವು. ಹಾವಕ್ಕಿಯೊಂದು ಕತ್ತನ್ನು ಮಾತ್ರ ನೀರಿನ ಮೇಲಿಟ್ಟು ಈಜುತ್ತಿತ್ತು, ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಅಕ್ಕನ ಮಗಳು ಮಾತು ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಕೆರೆಯ ಸುತ್ತಿನ ದಾರಿ ನಾಲ್ಕೈದು ಕಿಲೋಮೀಟರ್ ಇದೆ, ಮಣ್ಣಿನ ದಾರಿಯಾದ್ದರಿಂದ ಕಾಲಿಗೆ ಹಿತ. ನಡುಹಗಲಲ್ಲಿ ಗೇಟು ಮುಚ್ಚಿರಬಹುದಾದ್ದರಿಂದ ಬೆಳಗ್ಗೆ ಅಥವಾ ಸಂಜೆಯೇ ಬರಬೇಕು. ಹೊರಗೆ ಚುರುಮುರಿ ಗಾಡಿಗಳಿವೆ. ತುರಿದ ಕ್ಯಾರೆಟ್, ಹಸಿ ಮಾವಿನ ಚೂರು, ನಿಂಬೆರಸ ಹಾಕಿ ಕಣ್ಣೆದುರಿಗೇ ಕಲಸಿಕೊಡುತ್ತಾರೆ. ಕಾಗದದ ಪೊಟ್ಟಣವನ್ನು ಮಾತ್ರ ದಯವಿಟ್ಟು ಕೆರೆಯ ಬಳಿ ಎಸೆಯಬೇಡಿ.

ಕೆರೆಯ ಪಶ್ಚಿಮಕ್ಕೆ ಮಾನಸಗಂಗೋತ್ರಿ. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಈ ಆವರಣಕ್ಕೆ ಇಟ್ಟ ಹೆಸರು ಅದು. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀ ವಿಲಾಸ ಅರಮನೆಯೂ, ಕನ್ನಡ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಳ್ಳಬಹುದಾದ, ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗವೂ ಅಲ್ಲಿವೆ. ಅರಮನೆಯ ಒಳಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಇದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳುವುದು ಮೇಲು. ಆ ದಿನ ಒಂಟಿಕೊಪ್ಪಲನ್ನೂ ಸೇರಿಸಿಕೊಳ್ಳಿ. ಕುವೆಂಪು ಅವರ ಮನೆ ‘ಉದಯರವಿ’ ಇರುವುದು ಅಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದ್ದೂ, ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ ‘ಆಕಾಶವಾಣಿ’ ಎಂಬ ಮಾತು ಬಳಕೆಗೆ ಬಂದದ್ದೂ ಅದೇ ಬಡಾವಣೆಯಲ್ಲಿ.

ಎರಡೇ ಗಂಟೆಯ ಅವಕಾಶವಿರುವವರಿಗೆ ನನ್ನ ಸಲಹೆ ಇಷ್ಟು: ಕೆಲಸದ ದಿನ ಬೆಳಗ್ಗೆ ಎಂಟರ ಒಳಗೆ ಮಹಾರಾಜ ಕಾಲೇಜಿನ ಮುಂದೆ ಬನ್ನಿ, ಬುಲವಾರ್ಡಿನ ನಡುದಾರಿಯಲ್ಲಿ ನಿಧಾನವಾಗಿ ನಡೆಯಿರಿ, ಪ್ರಾಚ್ಯವಿದ್ಯಾ ಸಂಶೋಧನಾಲಯದ ಶಿಲ್ಪಪಟ್ಟಿಯನ್ನು ನೋಡಿ, ಓವಲ್ ಮೈದಾನದ ಬದಿಯಿಂದ ಕೆರೆಯ ಏರಿಗೆ ಹೋಗಿ. ನೀರು ಜೊತೆಗಿರಲಿ, ಹಕ್ಕಿ ನೋಡುವ ದುರ್ಬೀನಿದ್ದರೆ ಅದೂ ಇರಲಿ. ಮಳೆಗಾಲ ಮುಗಿದು ಕೆರೆ ತುಂಬಿರುವ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಇದಕ್ಕೆ ಉತ್ತಮ. ದಸರೆಯ ಹತ್ತು ದಿನ ಮಾತ್ರ ಈ ರಸ್ತೆಗಳಲ್ಲಿ ವಾಹನ ದಟ್ಟಣೆ ಹೆಚ್ಚು, ಆಗ ಬರಬೇಡಿ.